ವರದಮ್ಮನ ಹೋಟೆಲ್ ಪರೀಕ್ಷೆ

ಮೈಸೂರಿಗೆ ಮೂರೇ ಟಿಕೆಟ್ ಎಂದು ಶಿವಯೋಗಿ ಹೇಳಿದಾಗ ವರದಮ್ಮ ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದಳು. ಕೈ ನಿಲ್ಲಲಿಲ್ಲ, ಸಪ್ಪಳ ಮಾತ್ರ ಜೋರಾಯಿತು.

“ಮೂರಾ? ಈ ಮನ್ಯಾಗೆ ನಾಕು ಜನ ಅದೀವಲ್ಲೋ. ಯಾರನ್ನ ಕುರಿ ಜೊತಿಗೆ ಕಟ್ಟಾಕಿ ಹೋಗ್ತೀಯ?”

“ಅವ್ವಾ, ಹೋದ ವರ್ಷ ಹೊಸಪೇಟ್ಯಾಗೆ ಏನಾತು ಅಂತ ನೀನೇ ನೆನಪು ಮಾಡ್ಕ್ಯ.”

ನೆನಪು ಮಾಡಿಕೊಳ್ಳುವುದೇನು ಬಂತು, ಬಳ್ಳಿಗಾವಿಯ ಆ ಕೇರಿಗೆಲ್ಲ ಅದು ಬಾಯಿಪಾಠವಾಗಿತ್ತು. ಹಂಪಿ ನೋಡಲು ಹೊರಟವರು ಬೆಳಿಗ್ಗೆ ಒಂದು ಹೋಟೆಲಿನಲ್ಲಿ ಪೂರಿ, ಕೇಸರಿಬಾತ್ ತಿಂದರು. ಮಧ್ಯಾಹ್ನ ಎರಡು ಸಿಹಿಯ ಊಟ. ಸಂಜೆ ಮಿರ್ಚಿ, ಅದರ ಮೇಲೆ ಕಬ್ಬಿನ ಹಾಲು. ಮಾರನೆಯ ದಿನ ವರದಮ್ಮ ಬಸ್‌ಸ್ಟ್ಯಾಂಡಿನಲ್ಲಿ ತಲೆ ಸುತ್ತಿ ಬಿದ್ದಳು. ಮೂರು ದಿನ ಆಸ್ಪತ್ರೆ. ಹಂಪಿಯ ಒಂದು ಕಲ್ಲನ್ನೂ ಕಣ್ಣಲ್ಲಿ ಕಾಣದೆ ಎಲ್ಲರೂ ವಾಪಸ್ಸು ಬಂದಿದ್ದರು.

ಆರು ವರ್ಷದಿಂದ ಅವಳಿಗೆ ಸಕ್ಕರೆ ಕಾಯಿಲೆ. ಮನೆಯಲ್ಲಿದ್ದರೆ ಅವಳಷ್ಟು ಪಥ್ಯದವರು ಇನ್ನೊಬ್ಬರಿಲ್ಲ. ರೊಟ್ಟಿ, ಸೊಪ್ಪಿನ ಪಲ್ಯ, ಮುಷ್ಟಿ ಅನ್ನ, ಮುಗಿಯಿತು. ಹೋಟೆಲ್ ಮೆಟ್ಟಿಲು ಹತ್ತಿದಳೋ, ವರದಮ್ಮ ಬೇರೆಯೇ ಹೆಂಗಸು. ಬೇರೆಯವರು ಬೇಯಿಸಿ, ಬೇರೆಯವರು ಬಡಿಸಿ, ಬೇರೆಯವರು ತಟ್ಟೆ ತೊಳೆಯುವ ಜಾಗದಲ್ಲಿ ಪಥ್ಯ ಎಂಬ ಮಾತೇ ಅವಳಿಗೆ ಅನ್ಯಾಯವಾಗಿ ಕಾಣುತ್ತಿತ್ತು.

“ಮೈಸೂರು ನಾಕು ದಿನ. ಹನ್ನೆರಡು ಹೊತ್ತು ಹೋಟ್ಲಾಗೆ ಉಣ್ಬೇಕು,” ಎಂದ ಶಿವಯೋಗಿ. ಶಿರಾಳಕೊಪ್ಪದ ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವ ಅವನಿಗೆ ರಜೆ ಸಿಗುವುದೇ ಅಪರೂಪ. “ದನ ಆದ್ರೆ ಮೂಗುದಾರ ಹಾಕಿ ಹಿಡೀಬಹುದು. ನಿನ್ನ ಹೆಂಗೆ ಹಿಡೀಲಿ?”

“ದನಕ್ಕೂ ನನಗೂ ಹೋಲಿಸ್ತೀಯೇನೋ?” ವರದಮ್ಮ ರೊಟ್ಟಿಯನ್ನು ಹೆಂಚಿಗೆ ಎಸೆದಳು. “ಹೊಸಪೇಟಿ ಆಸ್ಪತ್ರಿ ಬಿಟ್ರೆ ನಾನು ಹುಟ್ಟಿದಾಗಿಂದ ನೋಡಿದ್ದು ಎರಡೇ ಪ್ಯಾಟಿ, ಶಿಕಾರಿಪುರ ಒಂದು, ಸೊರಬ ಒಂದು. ರೈಲು ಹತ್ತಿಲ್ಲ, ಅರಮನಿ ಕಂಡಿಲ್ಲ. ನಾನೂ ಬರ್ತೀನಿ, ನೋಡ್ತಿರು.”

ಅವಳ ಗಂಡ ಚಿಕ್ಕಬೀರಪ್ಪ ಗೋಡೆಗೊರಗಿ ಕೂತು ಊಟ ಮಾಡುತ್ತಿದ್ದ. ನಲವತ್ತು ಕುರಿ, ಎರಡು ಎಕರೆ ಮೆಕ್ಕೆಜೋಳ, ದಿನಕ್ಕೆ ಹತ್ತು ಮಾತು, ಅದು ಅವನ ಲೆಕ್ಕ. ಅಂದಿನ ಹತ್ತೂ ಆಗಲೇ ಖರ್ಚಾಗಿದ್ದವು ಎಂದು ಕಾಣುತ್ತದೆ, ತುಟಿ ಬಿಚ್ಚಲಿಲ್ಲ.

ಜಗಳ ಬಿಡಿಸಿದವಳು ಸೊಸೆ ಸಂಗೀತ. ಶಿಕಾರಿಪುರದ ಒಂದು ಲ್ಯಾಬಿನಲ್ಲಿ ದಿನಾ ಐವತ್ತು ಜನರ ರಕ್ತ ತೆಗೆಯುವವಳು, ಯಾರ ಕೂಗಾಟಕ್ಕೂ ಹೆದರುವವಳಲ್ಲ.

“ಪರೀಕ್ಷೆ ಇಡಾಣ್ರೀ,” ಎಂದಳು ಗಂಡನಿಗೆ. “ನಾಕು ವಾರ, ನಾಕು ಹೋಟ್ಲು. ಅತ್ತೆ ಉಂಡು ಎರಡು ತಾಸಿಗೆ ನಾನು ಬೆರಳು ಚುಚ್ಚಿ ನೋಡ್ತೀನಿ. ನೂರಾ ಎಂಬತ್ತರ ಒಳಗೆ ಬಂದ್ರೆ ಪಾಸು. ನಾಕರಾಗೆ ಮೂರು ಪಾಸಾದ್ರೆ ನಾಕನೇ ಟಿಕೆಟ್.”

“ಫೇಲಾದ್ರೆ?”

“ಫೇಲಾದ್ರೆ ಅತ್ತೆ ಕುರಿ ಕಾಯ್ತಾರೆ.”

“ಇಡು,” ಎಂದಳು ವರದಮ್ಮ, ಹಿಟ್ಟಿನ ಕೈಯನ್ನೇ ಮುಂದೆ ಚಾಚಿ. ಸ್ಕೂಲಿನ ಮೆಟ್ಟಿಲು ಹತ್ತಿದವಳಲ್ಲ, ಹಾಗಾಗಿ ಪರೀಕ್ಷೆಯ ಭಯ ಅವಳಿಗೆ ಗೊತ್ತಿರಲಿಲ್ಲ. ಮರುದಿನ ನೀರಿಗೆ ಹೋದಲ್ಲೆಲ್ಲ ಅದೇ ಸುದ್ದಿ ಸಾರಿದಳು, ತಾನು ಹೋಟೆಲಿನಲ್ಲಿ ತಿನ್ನಲು ಕಲಿಯುತ್ತಿದ್ದೇನೆ ಎಂದು.

ಮೊದಲ ಪರೀಕ್ಷೆ ಶಿರಾಳಕೊಪ್ಪದಲ್ಲಿ, ಸಂತೆಯ ದಿನ. ಸಂತೆಗೆ ಬಂದಿದ್ದ ಚಿಕ್ಕಬೀರಪ್ಪನೂ ಜೊತೆಗೆ ಕೂತ. ಸಪ್ಲೈಯರ್ ಜಟ್ಟಪ್ಪ ಬಂದು ಇರುವುದನ್ನೆಲ್ಲ ಒಂದೇ ಉಸಿರಿಗೆ ಹೇಳಿದ. ಹೊಲದ ಆಚೆ ಬದುವಿನಲ್ಲಿರುವ ಕುರಿಯನ್ನು ಕೂಗಿ ಕರೆಯಬಲ್ಲ ವರದಮ್ಮನಿಗೆ ಹೋಟೆಲಿನವರ ಮುಂದೆ ಮಾತ್ರ ಗಂಟಲು ಏಳುತ್ತಿರಲಿಲ್ಲ. ಸೊಸೆಯನ್ನು ಮೊಣಕೈಯಿಂದ ತಿವಿದಳು.

“ಇವರಿಗೆ ಸೆಟ್ ದೋಸೆ, ಪಲ್ಯ ಜಾಸ್ತಿ ಹಾಕ್ರಿ. ಕಾಫಿಗೆ ಸಕ್ರಿ ಬ್ಯಾಡ,” ಎಂದಳು ಸಂಗೀತ. ಅತ್ತೆಯ ಕಿವಿಯಲ್ಲಿ, “ಮೂರು ದೋಸೆ ಬರ್ತಾವೆ. ಒಂದೂವರೆ ತಿಂದು ಬಿಡ್ರಿ,” ಎಂದಳು.

ಒಂದೂವರೆಗೆ ವರದಮ್ಮ ನಿಂತಳು. ತಟ್ಟೆ ನೋಡಿದಳು. ಉಳಿದ ಒಂದೂವರೆ ಅವಳನ್ನು ನೋಡಿತು. ಮದುವೆಯಾಗಿ ಬಂದ ಹೊಸತರಲ್ಲಿ, ಗಂಗಾಳದ ಅಂಚಿಗೆ ಅಂಟಿದ್ದ ಎರಡಗುಳನ್ನು ಅವಳ ಅತ್ತೆ ಬೆರಳಿಂದ ತೆಗೆಸಿ ತಿನ್ನಿಸಿದ್ದರು. ಅನ್ನ ಬಿಟ್ಟವರ ಮನೆ ಅನ್ನ ಬಿಟ್ಟು ಹೋಗುತ್ತದೆ ಎಂಬುದು ಆ ಮನೆಯ ಕಾನೂನು. ವರದಮ್ಮ ಕಣ್ಣು ಮುಚ್ಚಿ ಉಳಿದದ್ದನ್ನೂ ತಿಂದು ಮುಗಿಸಿದಳು.

ಎರಡು ತಾಸಿನ ನಂತರ ಸಂಗೀತ ಬೆರಳು ಚುಚ್ಚಿದಾಗ ಮಷಿನ್ ತೋರಿಸಿದ್ದು ಇನ್ನೂರಾ ಮೂವತ್ತೆಂಟು.

“ಬಿಡಾಕೆ ಆಗ್ಲಿಲ್ಲ ಕಣೇ,” ಎಂದಳು ವರದಮ್ಮ, ಅಳು ಬಂದಂತಾಗಿ. “ಹಾಕಿದ್ದು ಬಿಟ್ಟು ಏಳು ಅಂದ್ರೆ ನಮ್ಮತ್ತಿ ಕಣ್ಮುಂದೆ ಬರ್ತಾರೆ.”

ಆಗ ಚಿಕ್ಕಬೀರಪ್ಪ ಬಾಯಿ ಬಿಟ್ಟ. “ಅದಕ್ಯಾಕೆ ಅಳ್ತೀಯ? ನಿಂಗೆ ಹೆಚ್ಚಾಗಿದ್ದು ನನ್ನ ತಟ್ಟಿಗೆ ಹಾಕು. ನಾನೇನು ಸತ್ತೀನಾ?”

ಎಷ್ಟು ಸುಲಭದ ದಾರಿ! ಅತ್ತೆ ಸೊಸೆ ಇಬ್ಬರಿಗೂ ನಗು ಬಂತು. ಚಿಕ್ಕಬೀರಪ್ಪನದು ಬಡಕಲು ಮೈ, ದಿನಾ ಕುರಿಯ ಹಿಂದೆ ಎರಡು ಹರದಾರಿ ನಡಿಗೆ. ಅರವತ್ಮೂರು ವರ್ಷದಲ್ಲಿ ಒಂದು ಸೂಜಿ ಚುಚ್ಚಿಸಿಕೊಂಡವನಲ್ಲ, ಅದನ್ನು ಹೇಳಿಕೊಳ್ಳದೆ ಬಿಟ್ಟವನೂ ಅಲ್ಲ.

ಎರಡನೆಯ ವಾರ ಶಿಕಾರಿಪುರದಲ್ಲಿ ಊಟ. ಚಪಾತಿ, ಎರಡು ಪಲ್ಯ, ಕೋಸಂಬರಿ, ಅನ್ನದ ಗುಡ್ಡೆ, ಪಾಯಸ. ಸಂಗೀತ ಹೇಳಿಕೊಟ್ಟಂತೆ ವರದಮ್ಮ ಮೊದಲು ಕೋಸಂಬರಿ ತಿಂದಳು, ಆಮೇಲೆ ಪಲ್ಯ, ಆಮೇಲೆ ಒಂದು ಚಪಾತಿ. ಅನ್ನದ ಗುಡ್ಡೆಯ ಮುಕ್ಕಾಲು ಗಂಡನ ತಟ್ಟೆಗೆ ಹೋಯಿತು. ಪಾಯಸದ ಬಟ್ಟಲೂ ಹೋಯಿತು. ಊಟವಾದ ಮೇಲೆ ಕೆರೆಯ ಏರಿಯ ಮೇಲೆ ಅರ್ಧ ತಾಸು ನಡೆದರು. ನೂರಾ ಎಪ್ಪತ್ತೊಂದು.

“ಪಾಸು!” ವರದಮ್ಮ ಕೂಗಿದ್ದಕ್ಕೆ ಏರಿಯ ಮೇಲೆ ಹೋಗುತ್ತಿದ್ದವರು ತಿರುಗಿ ನೋಡಿದರು. ಮನೆಗೆ ಬಂದವಳೇ ಟ್ರಂಕಿನಿಂದ ಹೊಸ ಹಸಿರು ಸೀರೆ ತೆಗೆದು ಹೊರಗಿಟ್ಟಳು. ಹೊರಡಲು ಇನ್ನೂ ಒಂದು ತಿಂಗಳಿತ್ತು.

ಮೂರನೆಯದು ಸೊರಬದಲ್ಲಿ, ಅಲ್ಲೇ ಎಡವಟ್ಟಾಯಿತು. ಸೊರಬದಲ್ಲಿ ವರದಮ್ಮನ ಅಕ್ಕ ಗುಡ್ಡಮ್ಮನ ಮನೆ. ಒಡಹುಟ್ಟಿದವಳು ಇರುವ ಊರಲ್ಲಿ ಹೋಟೆಲಿನಲ್ಲಿ ಉಣ್ಣುವುದೆಂದರೆ ಅವಳ ಮುಖಕ್ಕೆ ಮಸಿ ಬಳಿದಂತೆ. ಗುಟ್ಟಾಗಿ ತಿಂದು, ಆಮೇಲೆ ಅಕ್ಕನ ಮನೆಗೆ ಹೋಗಿ ನೀರು ಕುಡಿದು ಬರುವುದೆಂದು ಗಂಡ ಹೆಂಡತಿ ಸೊಸೆ ಮೂವರೂ ಸಂಚು ಮಾಡಿದ್ದರು. ವರದಮ್ಮ ಸೆರಗನ್ನು ಹಣೆಯ ತನಕ ಎಳೆದುಕೊಂಡು ಬಸ್‌ಸ್ಟ್ಯಾಂಡಿನ ಪಕ್ಕದ ಹೋಟೆಲಿನ ಮೂಲೆಯಲ್ಲಿ ಕೂತಳು. ಎರಡು ಇಡ್ಲಿ ಬಂದವು. ಅಷ್ಟರಲ್ಲಿ ಜಡೆ ಊರಿನ ಬಸ್ಸಿಗೆ ಯಾರನ್ನೋ ಹತ್ತಿಸಲು ಬಂದಿದ್ದ ಗುಡ್ಡಮ್ಮ ಬಾಗಿಲಲ್ಲಿ ನಿಂತಿದ್ದಳು.

“ಎಂಥದೇ ಇದು ವರದಾ?”

ವರದಮ್ಮನ ಬಾಯಲ್ಲಿ ಇಡ್ಲಿ.

“ನಾನಿನ್ನೂ ಬದುಕಿದೀನಿ ಮಾರಾಯ್ತಿ, ಸತ್ತಿಲ್ಲ. ನಮ್ಮನೆ ಒಲೆ ಆರಿ ಹೋಗದೆ ಅಂತ ಯಾರು ಹೇಳಿದ್ರು ನಿಂಗೆ?”

“ಅಕ್ಕಾ, ಇದು ಊಟ ಅಲ್ಲ, ಪರೀಕ್ಷೆ.”

“ಇಡ್ಲಿ ತಿನ್ನದೂ ಒಂದು ಪರೀಕ್ಷೆನಾ? ಏಳು ಮೇಲೆ!”

ಎಳೆದುಕೊಂಡೇ ಹೋದಳು. ಶ್ಯಾವಿಗೆ ಪಾಯಸ ಮಾಡಿ ದೊಡ್ಡ ಬಟ್ಟಲಲ್ಲಿ ತುಂಬಿ ತಂಗಿಯ ಮುಂದಿಟ್ಟು, ತಿಂದು ಮುಗಿಸುವ ತನಕ ಏಳುವುದಿಲ್ಲವೆಂದು ಎದುರಿಗೇ ಕೂತಳು. ಒಲೆಯ ಮೇಲೆ ಹಾಲು ಉಕ್ಕಿದ ಸಪ್ಪಳಕ್ಕೆ ಅವಳು ಎದ್ದು ಒಳಗೆ ಹೋದದ್ದೇ ತಡ, ಬಟ್ಟಲು ಚಿಕ್ಕಬೀರಪ್ಪನ ಕೈ ಸೇರಿತು. ಅವನು ಕುರಿಮರಿ ಹಾಲು ಕುಡಿದಂತೆ ಒಂದೇ ಗುಟುಕಿಗೆ ಮುಗಿಸಿದ. ಹೊರಗೆ ಬಂದ ಗುಡ್ಡಮ್ಮ ಖಾಲಿ ಬಟ್ಟಲು ನೋಡಿ ಸಂತೋಷಪಟ್ಟು ಇನ್ನೊಂದು ಸುತ್ತು ಹಾಕಿದಳು. ಅದೂ ಅವನಿಗೇ ಹೋಯಿತು. ವರದಮ್ಮನಿಗೆ ನೂರಾ ಅರವತ್ತೆಂಟು ಬಂತು, ಬಸ್ಸಿನಲ್ಲಿ ಬರುವಾಗ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆ ವಾರ ಪೂರ್ತಿ ವರದಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಾಲ್ಕು ದಿನ ಕುರಿ ನೋಡಿಕೊಳ್ಳಲು ಮೈದುನನನ್ನು ಒಪ್ಪಿಸಿದಳು. ರೈಲಿನಲ್ಲಿ ಕಿಟಕಿಯ ಪಕ್ಕ ಯಾರು ಕೂರಬೇಕೆಂದು ಮಗನೊಂದಿಗೆ ಜಗಳ ತೆಗೆದಳು. ನಾಲ್ಕನೆಯ ಪರೀಕ್ಷೆಯೊಂದೇ ಬಾಕಿ.

ಗುರುವಾರ ಬೆಳಿಗ್ಗೆ ಹಿತ್ತಲು ಗುಡಿಸುತ್ತಿದ್ದಳು. ಬೇಲಿಯ ಮೂಲೆಯಲ್ಲಿ, ಚಿಕ್ಕಬೀರಪ್ಪ ನಸುಕಿನಲ್ಲೆದ್ದು ಉಚ್ಚೆಗೆ ಕೂರುವ ಕಲ್ಲಿನ ಸುತ್ತ, ಕೆಂಪಿರುವೆ ಮುತ್ತಿದ್ದವು. ಪೊರಕೆ ಹಿಡಿದ ಕೈ ಅಲ್ಲೇ ನಿಂತಿತು. ಇರುವೆ ಎಲ್ಲಿಗೆ ಬರುತ್ತವೆ, ಯಾಕೆ ಬರುತ್ತವೆ ಎಂದು ಆ ಊರಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆರು ವರ್ಷದ ಹಿಂದೆ ಅವಳ ಕಾಯಿಲೆಯೂ ಹೀಗೆಯೇ ಗೊತ್ತಾಗಿತ್ತು. ಈಚೆಗೆ ಅವನು ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದುದು, ಮಧ್ಯಾಹ್ನವೇ ಕುರಿ ಬಿಟ್ಟು ಬಂದು ಮಲಗುತ್ತಿದ್ದುದು ಒಂದೊಂದಾಗಿ ನೆನಪಾದವು.

ಹೇಳಿದರೆ ಮೈಸೂರು ಮುಳುಗಿತು. ಮಗ ಎಲ್ಲವನ್ನೂ ರದ್ದು ಮಾಡುತ್ತಾನೆ. ಮೈಸೂರಿಂದ ಬಂದ ಮೇಲೆ ಹೇಳಿದರಾಯಿತು, ಅಷ್ಟರಲ್ಲೇನು ಆಕಾಶ ಕಳಚಿ ಬೀಳುತ್ತದೆ ಎಂದುಕೊಂಡಳು. ಒಂದು ಕೊಡ ನೀರು ಹೊಯ್ದು ಇರುವೆಯನ್ನು ತೊಳೆದಳು. ಶುಕ್ರವಾರ ಮತ್ತೆ ಬಂದಿದ್ದವು, ಮತ್ತೆ ತೊಳೆದಳು. ಮೂರು ದಿನ ಗಂಡನ ಮುಖ ನೋಡಿ ಮಾತಾಡಲು ಅವಳಿಗೆ ನಾಚಿಕೆಯಾಯಿತು.

ಭಾನುವಾರ ನಾಲ್ಕನೆಯ ಪರೀಕ್ಷೆ, ಮತ್ತೆ ಜಟ್ಟಪ್ಪನ ಹೋಟೆಲಿನಲ್ಲಿ. ಆ ದಿನ ಅವಳು ಗಂಡನ ತಟ್ಟೆಗೆ ಏನನ್ನೂ ಹಾಕಲಿಲ್ಲ, ಒಂದು ಇಡ್ಲಿಯನ್ನಷ್ಟೇ ಹೇಳಿಸಿ ತಿಂದಳು. ಮನೆಗೆ ಬಂದು ಚುಚ್ಚಿದಾಗ ನೂರಾ ಐವತ್ತೆಂಟು.

“ಗೆದ್ದೆ ಕಣವ್ವಾ!” ಶಿವಯೋಗಿಯೇ ಚಪ್ಪಾಳೆ ಹೊಡೆದ. “ನಾಕನೇ ಟಿಕೆಟ್ ಮಾಡ್ಸಿಬಿಡ್ತೀನಿ.”

ವರದಮ್ಮ ನಗಲಿಲ್ಲ. “ಸಂಗೀತಾ, ಮಷಿನ್ನಿಗೆ ಇನ್ನೊಂದು ಪಟ್ಟಿ ಹಾಕು. ನಿಮ್ಮ ಮಾವಂದು ನೋಡು.”

“ನಂದ್ಯಾಕ?” ಚಿಕ್ಕಬೀರಪ್ಪ ಕೈ ಬೆನ್ನ ಹಿಂದೆ ಇಟ್ಟುಕೊಂಡ. “ನಂಗೇನಾಗೇತಿ? ಅರವತ್ಮೂರು ವರ್ಷದಾಗೆ ಒಂದು ಸೂಜಿ…”

“ಹಿತ್ಲಾಗೆ ಇರುವಿ ಬಂದಾವೆ ರೀ. ಗುರುವಾರದಿಂದ ನೋಡೀನಿ. ಮೈಸೂರು ತಪ್ಪತೈತಿ ಅಂತ ಬಾಯಿ ಮುಚ್ಕಂಡಿದ್ದೆ.”

ಮುನ್ನೂರಾ ಇಪ್ಪತ್ತೇಳು. ಮಷಿನ್ ಕೆಟ್ಟಿರಬೇಕೆಂದು ಶಿವಯೋಗಿ ಇನ್ನೊಮ್ಮೆ ನೋಡಿಸಿದ. ಮುನ್ನೂರಾ ಹತ್ತೊಂಬತ್ತು.

ವರದಮ್ಮ ಅತ್ತುಬಿಟ್ಟಳು. “ನನ್ನ ಸಕ್ರಿನೆಲ್ಲ ಇವರ ಹೊಟ್ಟಿಗೆ ಸುರ್ದೆ. ನಾನು ಪಾಸಾಗಾಕೆ ಹೋಗಿ ಇವರನ್ನ ಕೊಂದೆ.”

“ಅತ್ತೆ, ಸುಮ್ನಿರ್ರಿ. ನಾಕು ಪಾಯ್ಸಕ್ಕೆ ಇಷ್ಟು ಬರಲ್ಲ. ಮೊದ್ಲಿಂದ ಒಳಗಿತ್ತು, ಈಗ ಹೊರಗೆ ಕಾಣ್ತು. ಸಿಕ್ಕಿದ್ದು ಒಳ್ಳೇದಾತು,” ಎಂದಳು ಸಂಗೀತ.

ಮರುದಿನ ಶಿಕಾರಿಪುರದ ಡಾಕ್ಟರು ಮಾತ್ರೆ ಬರೆದುಕೊಟ್ಟರು. ಊಟದಲ್ಲಿ ಹುಷಾರಾಗಿದ್ದರೆ, ವಾರ ಬಿಟ್ಟು ಸಕ್ಕರೆ ಇಳಿದಿದ್ದರೆ, ಪ್ರಯಾಣಕ್ಕೆ ಅಡ್ಡಿಯಿಲ್ಲ ಎಂದರು. ಆದರೆ ಶಿವಯೋಗಿ ಹೆದರಿದ್ದ.

“ಹೊಸಪೇಟ್ಯಾಗೆ ಒಬ್ರನ್ನ ಎತ್ಕಂಡು ಓಡಿದ್ದೆ. ಮೈಸೂರಾಗೆ ಇಬ್ರನ್ನ ಎತ್ತಾಕೆ ನನ್ನ ಕೈಲಿ ಆಗಲ್ಲ. ಬ್ಯಾಡ ಬಿಡ್ರಿ.”

“ನೀವು ಮೂರು ಜನ ಹೋಗ್ರಿ. ನಾನಿರ್ತೀನಿ,” ಎಂದ ಚಿಕ್ಕಬೀರಪ್ಪ.

“ನಿಮ್ಮನ್ನ ಬಿಟ್ಟು ನನಗೆ ಯಾವ ಮೈಸೂರೂ ಬ್ಯಾಡ,” ಎಂದು ವರದಮ್ಮ ಹಸಿರು ಸೀರೆಯನ್ನು ಟ್ರಂಕಿಗೆ ಹಾಕಿದಳು. ಸಿಟ್ಟು ಯಾರ ಮೇಲೂ ಇರಲಿಲ್ಲ, ದುಃಖ ಮಾತ್ರ ಬೇಕಾದಷ್ಟಿತ್ತು. ಒಂದು ವಾರ ಆ ಮನೆಯಲ್ಲಿ ಮೈಸೂರು ಎಂಬ ಮಾತೇ ಬರಲಿಲ್ಲ. ಚಿಕ್ಕಬೀರಪ್ಪ ಹೇಳಿದ ಹೊತ್ತಿಗೆ ಮಾತ್ರೆ ನುಂಗಿದ. ಅನ್ನ ಕಡಿಮೆ ಹಾಕಿದರೆ ತಟ್ಟೆಯನ್ನೇ ದಿಟ್ಟಿಸುತ್ತಿದ್ದ, ಬೈಯಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಕುರಿಯನ್ನು ತಮ್ಮನಿಗೆ ಒಪ್ಪಿಸಿ ಎತ್ತಲೋ ಹೋದವನು ಹನ್ನೊಂದರ ಹೊತ್ತಿಗೆ ಬೆವರಿಳಿಸುತ್ತ ಬಂದ. ಪಡಸಾಲೆಯಲ್ಲಿ ಸೊಸೆಯ ಮುಂದೆ ಕೂತು ಬೆರಳು ಚಾಚಿದ.

“ಚುಚ್ಚವ್ವ.”

“ಎಲ್ಲಿಗೆ ಹೋಗಿದ್ರಿ ಮಾವ?”

“ಶಿರಾಳಕೊಪ್ಪಕ್ಕೆ. ಜಟ್ಟಪ್ಪನ ಹೋಟ್ಲಿಗೆ. ಉಂಡು ಎರಡು ತಾಸಾತು, ಲಗೂನ ನೋಡು.”

ಒಳಗಿಂದ ವರದಮ್ಮ ಓಡಿ ಬಂದಳು. “ಒಬ್ರೇ ಹೋಗಿದ್ರಾ? ಏನು ತಿಂದ್ರಿ?”

“ಸೆಟ್ ದೋಸಿ.” ಅವನು ಅವಳ ಕಡೆ ನೋಡಲಿಲ್ಲ. “ಒಂದೂವರೆ ತಿಂದೆ. ಒಂದೂವರೆ ಬಿಟ್ಟು ಬಂದೆ. ಬೇಕಾದ್ರೆ ಜಟ್ಟಪ್ಪನ್ನ ಕೇಳು. ಹುಟ್ಟಿದಾಗಿಂದ ಅನ್ನ ಬಿಟ್ಟಿದ್ದು ಇದೇ ಮೊದಲು. ಪಾಪ ಬಂದ್ರೆ ನನಗೆ ಬರ್ಲಿ, ನೀ ಮೈಸೂರು ನೋಡು.”

ನಲವತ್ತು ವರ್ಷದ ಸಂಸಾರದಲ್ಲಿ ಅವನು ಅವಳಿಗೆ ಸೀರೆ ತಂದಿದ್ದ, ಓಲೆ ಮಾಡಿಸಿದ್ದ. ಅದ್ಯಾವುದೂ ಈ ಒಂದೂವರೆ ದೋಸೆಗೆ ಸಮ ಅಲ್ಲವೆಂದು ಅವಳಿಗನ್ನಿಸಿತು. ಮಷಿನ್ ನೂರಾ ಎಪ್ಪತ್ತೊಂಬತ್ತು ಎಂದಿತು. ಸಂಗೀತ ಗಂಡನ ಮುಖ ನೋಡಿದಳು. ಶಿವಯೋಗಿ ಮೊಬೈಲ್ ತೆಗೆದು ಟಿಕೆಟ್ ಹುಡುಕತೊಡಗಿದ.

“ಕಿಟಕಿ ಪಕ್ಕದ್ದು ನನಗೆ,” ಎಂದಳು ವರದಮ್ಮ ಮೂಗು ಒರೆಸಿಕೊಳ್ಳುತ್ತ.

ಶಿವಮೊಗ್ಗದಲ್ಲಿ ರೈಲು ಹತ್ತಿದಾಗಿನಿಂದ ಮೈಸೂರಿನಲ್ಲಿ ಇಳಿಯುವ ತನಕ ಅವಳು ಕಿಟಕಿಯಿಂದ ಮುಖ ತೆಗೆಯಲಿಲ್ಲ. ಮರುದಿನ ಬೆಳಿಗ್ಗೆ ಅರಮನೆ. ಕಂಬ, ಕನ್ನಡಿ, ಬಣ್ಣದ ಗಾಜು ನೋಡಿ ನೋಡಿ ಕುತ್ತಿಗೆ ನೋಯುವಾಗ ಮಧ್ಯಾಹ್ನವಾಗಿತ್ತು. ಹೊಟ್ಟೆ ಚುರುಗುಟ್ಟುತ್ತ ನಾಲ್ವರೂ ಒಂದು ಊಟದ ಹೋಟೆಲಿಗೆ ನುಗ್ಗಿದರು. ಗೋಡೆಯ ಮೇಲೆ ದೊಡ್ಡ ಬೋರ್ಡು: ಒಂದು ಊಟವನ್ನು ಇಬ್ಬರು ಹಂಚಿಕೊಳ್ಳುವಂತಿಲ್ಲ.

“ಅನ್ನ ಅರ್ಧ ಹಾಕಿ, ಸಿಹಿ ಬೇಡ, ಪಲ್ಯ ಜಾಸ್ತಿ ಕೊಡಿ,” ಎಂದಳು ಸಂಗೀತ.

“ಅರ್ಧ ಗಿರ್ಧ ಇಲ್ಲ ಮೇಡಂ. ತಟ್ಟೆ ಒಳಗಿಂದಾನೆ ತುಂಬಿ ಬರುತ್ತೆ. ಬೇಡದ್ದು ಬಿಟ್ಬಿಡಿ,” ಎಂದ ಸಪ್ಲೈಯರ್, ಆಚೆ ಟೇಬಲ್ಲಿಗೆ ನಡೆಯುತ್ತ.

ಬಿಟ್ಟುಬಿಡಿ ಎಂಬ ಮಾತಿಗೆ ಚಿಕ್ಕಬೀರಪ್ಪನ ಮುಖ ಬಾಡಿತು. ಒಂದು ಸಲ ಹೇಗೋ ಬಿಟ್ಟಿದ್ದ. ಇನ್ನು ಪ್ರತಿ ಹೊತ್ತೂ ಬಿಡಬೇಕೆಂದರೆ ಆ ಮನುಷ್ಯನಿಂದ ಆಗುವುದಿಲ್ಲ, ಎಲ್ಲವನ್ನೂ ತಿಂದೇ ಮುಗಿಸುತ್ತಾನೆ. ವರದಮ್ಮನಿಗೆ ಅದು ಗೊತ್ತಿತ್ತು. ಸೊಸೆಯನ್ನು ತಿವಿಯಲು ಹೋದ ಮೊಣಕೈಯನ್ನು ಹಿಂದಕ್ಕೆ ತೆಗೆದುಕೊಂಡು ಎದ್ದಳು. ಸೀದಾ ಗಲ್ಲಾ ಪೆಟ್ಟಿಗೆಯ ಮುಂದೆ ಹೋಗಿ ನಿಂತಳು.

“ಸ್ವಾಮೀ, ನಾವು ಶಿಕಾರಿಪುರ ಕಡೇರು. ದುಡ್ಡು ಪೂರಾ ಕೊಡ್ತೀವಿ, ಅನ್ನ ಮಾತ್ರ ಅರ್ಧ ಹಾಕಿಸ್ರಿ. ಹಾಕಿದ್ಮ್ಯಾಲೆ ಬಿಡಾಕೆ ನಮ್ಮೋರ ಕೈಲಿ ಆಗಲ್ಲ.”

ಗಲ್ಲಾದಲ್ಲಿ ಕೂತಿದ್ದ ದಪ್ಪ ಯಜಮಾನರು ಕನ್ನಡಕದ ಮೇಲಿಂದ ನೋಡಿದರು. “ಪೂರ್ತಿ ದುಡ್ಡು ಕೊಟ್ಟು ಅರ್ಧ ಯಾಕಮ್ಮಾ ತಿಂತೀರ?”

ವರದಮ್ಮ ಎಡಗೈಯನ್ನು ಅವರ ಮುಂದೆ ಬಿಚ್ಚಿ ಹಿಡಿದಳು. ಬೆರಳ ತುದಿಗಳಲ್ಲೆಲ್ಲ ಸೂಜಿ ಚುಚ್ಚಿದ ಕಪ್ಪು ಚುಕ್ಕೆಗಳು. “ಆ ಕಡೆ ಕುಂತಾರಲ್ಲ, ಅವರಿಗೂ ಹಿಂಗೆ.”

ಯಜಮಾನರು ನೋಟು ಎಣಿಸುತ್ತಿದ್ದ ತಮ್ಮ ಕೈಯನ್ನು ಮೇಲೆತ್ತಿ ಅವಳ ಕೈಯ ಪಕ್ಕದಲ್ಲೇ ಇಟ್ಟರು. ಐದೂ ಬೆರಳ ಮೇಲೆ ಅದೇ ಚುಕ್ಕೆಗಳು.

“ಹದಿನೈದು ವರ್ಷ ಆಯ್ತು ತಾಯಿ. ಇಷ್ಟು ಅಡುಗೆ ಮಾಡಿಸ್ತೀನಿ, ನನಗೆ ಒಂದು ಹಿಡಿ ಅನ್ನ,” ಎಂದು ಅಡುಗೆಮನೆಯ ಕಡೆ ತಿರುಗಿ ಕೂಗಿದರು. “ಎರಡು ತಟ್ಟೆ, ನನಗೆ ಹಾಕೋ ಥರ ಹಾಕ್ರೋ! ಕೋಸಂಬರಿ ಜಾಸ್ತಿ! ಪಾಯಸ ಇಡಬೇಡಿ!”

ವರದಮ್ಮ ವಾಪಸ್ಸು ಬಂದು ಗಂಡನ ಪಕ್ಕ ಕೂತಳು. ನಗು ತಡೆಯಲಾಗುತ್ತಿರಲಿಲ್ಲ. ತಟ್ಟೆ ಬಂತು, ಒಂದು ಹಿಡಿ ಅನ್ನ, ಸುತ್ತ ರಾಶಿ ಪಲ್ಯ, ಕೋಸಂಬರಿ. ಚಿಕ್ಕಬೀರಪ್ಪ ಕೊನೆಯ ಅಗುಳಿನ ತನಕ ಉಂಡ, ತಟ್ಟೆಯನ್ನು ಬೆರಳಿನಿಂದ ಒರೆಸಿ ತಿಂದ. ತೊಳೆಯುವವರಿಗೂ ಕೆಲಸವಿಲ್ಲದಷ್ಟು ಅದು ಹಸನಾಗಿತ್ತು.

“ಏನೂ ಬಿಡ್ಲಿಲ್ಲ ನೋಡು,” ಎಂದ ಹೆಂಡತಿಗೆ, ತಟ್ಟೆ ತೋರಿಸಿ.

“ನೋಡಿದೆ, ಏಳ್ರಿ ಏಳ್ರಿ,” ಎಂದಳು ವರದಮ್ಮ, ಸೆರಗು ಸಿಕ್ಕಿಸಿಕೊಂಡು. “ಝೂನಾಗೆ ಹುಲಿ ನೋಡಾಕೆ ಹೋಗಬೇಕು, ಬಾಗ್ಲು ಹಾಕಿಬಿಡ್ತಾರೆ.”